ಒಂಬತ್ತೇ ದಿನಕ್ಕೆ ಬ್ಯಾಟರಿ ಖಾಲಿ: ತೋಟದ ಸೆನ್ಸರ್‌ಗಳಲ್ಲಿ ಕರೆಂಟ್ ಎಲ್ಲಿ ಸೋರುತ್ತಿದೆ?

ಪ್ರಶ್ನೆ: ಸರ್, ನಮ್ಮದು ಶಿಡ್ಲಘಟ್ಟ ತಾಲ್ಲೂಕು. ಎರಡು ಎಕರೆ ಹಿಪ್ಪುನೇರಳೆ ತೋಟ, ಅದರ ಪಕ್ಕದಲ್ಲೇ ರೇಷ್ಮೆ ಹುಳು ಮನೆ. ನಾನು ಎಲೆಕ್ಟ್ರಾನಿಕ್ಸ್ ಓದಿ ಈಗ ಅಪ್ಪನ ಜೊತೆ ತೋಟ ನೋಡಿಕೊಳ್ಳುತ್ತಿದ್ದೇನೆ. ಮಣ್ಣಿನ ತೇವ ಅಳೆಯಲು ತೋಟದಲ್ಲಿ ಆರು ನೋಡ್ (ಅಳೆದು ರೇಡಿಯೋದಲ್ಲಿ ಕಳಿಸುವ ಪುಟ್ಟ ಘಟಕ), ಹುಳು ಮನೆಯಲ್ಲಿ ಉಷ್ಣತೆ ಮತ್ತು ತೇವಾಂಶಕ್ಕೆ ಎರಡು ನೋಡ್ ಹಾಕಿದ್ದೇನೆ. ಎಲ್ಲದರಲ್ಲೂ ಇಎಸ್‌ಪಿ32 ಅನ್ನುವ ವೈಫೈ ಚಿಪ್ ಇರುವ ಡೆವಲಪ್‌ಮೆಂಟ್ ಬೋರ್ಡ್, ಒಂದು 18650 ಲಿಥಿಯಂ ಅಯಾನ್ ಸೆಲ್. ರೂಟರ್ ಹುಳು ಮನೆಯಲ್ಲಿದೆ. 15 ನಿಮಿಷಕ್ಕೊಮ್ಮೆ ಎದ್ದು, ಅಳೆದು, ಕಳಿಸಿ ಡೀಪ್ ಸ್ಲೀಪ್‌ಗೆ (ಬಹುತೇಕ ಎಲ್ಲವನ್ನೂ ಆಫ್ ಮಾಡಿದ ಗಾಢ ನಿದ್ದೆಗೆ) ಹೋಗುತ್ತವೆ. ಆದರೂ ಒಂಬತ್ತು ದಿನಕ್ಕೆ ಬ್ಯಾಟರಿ ಖಾಲಿ. ದೂರದ ಎರಡು ನೋಡ್‌ಗಳಂತೂ ಏಳೇ ದಿನಕ್ಕೆ ಮಲಗುತ್ತವೆ. ಒಂದು ಗಂಟೆಗೊಮ್ಮೆ ಕಳಿಸುವ ಹಾಗೆ ಬದಲಾಯಿಸಿದೆ, ಹೆಚ್ಚೆಂದರೆ ಒಂದು ದಿನ ಜಾಸ್ತಿ ಬಂತು. ದೊಡ್ಡ ಸೋಲಾರ್ ಪ್ಯಾನೆಲ್ ಹಾಕಲೇ? ಕಡಿಮೆ ಕರೆಂಟ್‌ನಲ್ಲಿ ದೂರ ಮುಟ್ಟುವ ಲೋರಾ ರೇಡಿಯೋಗೆ ಬದಲಾಯಿಸಲೇ? ಕಾಲೇಜಿನಲ್ಲಿ ಲೀಚ್ ಪ್ರೋಟೋಕಾಲ್, ಕ್ಲಸ್ಟರ್ ಅಂತೆಲ್ಲ ಓದಿದ್ದೆ. ಅದನ್ನು ಇಲ್ಲಿ ತರಬಹುದೇ?

ಉತ್ತರ: ನಿಮ್ಮ ಪತ್ರದಲ್ಲೇ ಒಂದು ಒಳ್ಳೆಯ ಸುಳಿವು ಇದೆ. ಕಳಿಸುವುದನ್ನು ನಾಲ್ಕರಲ್ಲಿ ಒಂದು ಭಾಗಕ್ಕೆ ಇಳಿಸಿದರೂ ಒಂದೇ ದಿನ ಉಳಿಯಿತು ಅಂದಿರಿ. ಹಾಗಾದರೆ ಬ್ಯಾಟರಿ ಖಾಲಿಯಾಗುತ್ತಿರುವುದು ಕಳಿಸುವಾಗ ಅಲ್ಲ. ನೋಡ್ ಸುಮ್ನೆ ಮಲಗಿರುವಾಗಲೇ ಕರೆಂಟ್ ಹೋಗುತ್ತಿದೆ. ಪ್ಯಾನೆಲ್, ಲೋರಾ, ಲೀಚ್ ಎಲ್ಲವನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲು ಲೆಕ್ಕ ಹಾಕೋಣ.

ಇಎಸ್‌ಪಿ32 ಚಿಪ್ ಡೀಪ್ ಸ್ಲೀಪ್‌ನಲ್ಲಿ ತಿನ್ನುವುದು ಸುಮಾರು 10 ಮೈಕ್ರೋಆಂಪ್ ಮಾತ್ರ. ಆದರೆ ನೀವು ತೋಟದಲ್ಲಿ ಇಟ್ಟಿರುವುದು ಬರೀ ಚಿಪ್ ಅಲ್ಲ, ಇಡೀ ಬೋರ್ಡ್. ಅದರ ಮೇಲೆ ಎಎಂಎಸ್1117 ಅನ್ನುವ ವೋಲ್ಟೇಜ್ ರೆಗ್ಯುಲೇಟರ್ ಇರುತ್ತದೆ. ಅದು ಏನೂ ಕೆಲಸ ಮಾಡದಿದ್ದರೂ ತನ್ನ ಪಾಲಿಗೆ ಸುಮಾರು 5 ಮಿಲಿಆಂಪ್ ತೆಗೆದುಕೊಳ್ಳುತ್ತದೆ. ಹಗಲೂ ರಾತ್ರಿ ಉರಿಯುವ ಕೆಂಪು ಎಲ್‌ಇಡಿಗೆ ಒಂದು ಮಿಲಿಆಂಪ್ ಆಸುಪಾಸು. ಮಣ್ಣಿನ ಕೆಪಾಸಿಟಿವ್ ಸೆನ್ಸರ್ ಅನ್ನು ನೇರವಾಗಿ 3.3 ವೋಲ್ಟ್ ಪಿನ್‌ಗೆ ಕೊಟ್ಟಿದ್ದರೆ ಅದಕ್ಕೆ ಇನ್ನೊಂದು 4–5. ಒಟ್ಟು ಹತ್ತು ಮಿಲಿಆಂಪ್ ಅಂತ ಇಟ್ಟುಕೊಳ್ಳಿ. ಚಿಪ್ ನಿದ್ದೆಯಲ್ಲಿ ತಿನ್ನುವುದರ ಸಾವಿರ ಪಟ್ಟು!

ಈಗ ಎಚ್ಚರದ ಹೊತ್ತು. ವೈಫೈ ಹಿಡಿದು, ಐಪಿ ವಿಳಾಸ ಪಡೆದು, ಕಳಿಸಿ ಮಲಗಲು ಎಂಟು ಸೆಕೆಂಡ್, ಸರಾಸರಿ 130 ಮಿಲಿಆಂಪ್ ಅನ್ನೋಣ. 15 ನಿಮಿಷದ ಮೇಲೆ ಹರಡಿದರೆ ಅದು ಬರೀ 1.16 ಮಿಲಿಆಂಪ್. ನಿದ್ದೆಯ 10 ಸೇರಿಸಿದರೆ 11.16. ಸೆಲ್‌ನಿಂದ ನಿಜವಾಗಿ 2500 ಮಿಲಿಆಂಪ್-ಅವರ್ ಸಿಗುತ್ತದೆ ಅಂದುಕೊಂಡರೆ 224 ಗಂಟೆ, ಅಂದರೆ ಒಂಬತ್ತು ದಿನ ಚಿಲ್ಲರೆ. ಗಂಟೆಗೊಮ್ಮೆ ಕಳಿಸಿದರೆ ಎಚ್ಚರದ ಪಾಲು 0.29ಕ್ಕೆ ಇಳಿಯುತ್ತದೆ, ಒಟ್ಟು 10.29, ಹತ್ತು ದಿನ. ನಿಮಗೆ ಬಂದಿರುವುದೂ ಇಷ್ಟೇ ಅಲ್ವಾ? ಮೇನ್ ಪೈಪ್ ಒಡೆದು ನೀರು ಹೋಗುತ್ತಿರುವಾಗ ಡ್ರಿಪ್ಪರ್ ಒಂದೊಂದಾಗಿ ಮುಚ್ಚುತ್ತಾ ಕೂತ ಹಾಗೆ ಆಗಿದೆ ಇದು.

ಅದೇ ಲೆಕ್ಕವನ್ನು ನಿದ್ದೆಯ ಕರೆಂಟ್ 20 ಮೈಕ್ರೋಆಂಪ್‌ಗೆ ಇಳಿಸಿ ಮತ್ತೆ ಹಾಕಿ ನೋಡಿ. ಬೇರೇನೂ ಬದಲಾಯಿಸದೆ, 15 ನಿಮಿಷಕ್ಕೊಮ್ಮೆ ಕಳಿಸುತ್ತಲೇ, 88 ದಿನ ಬರುತ್ತದೆ. ಈಗ ಗಂಟೆಗೊಮ್ಮೆ ಮಾಡಿ, 11 ತಿಂಗಳು. ಮೊದಲು ಒಂದು ದಿನ ಕೊಟ್ಟ ಅದೇ ಬದಲಾವಣೆ ಈಗ ಎಂಟು ತಿಂಗಳು ಕೊಡುತ್ತದೆ. ಎಂಟು ಸೆಕೆಂಡ್ ಎಚ್ಚರವನ್ನು ಎರಡಕ್ಕೆ ಇಳಿಸಿದರೆ ಕಾಗದದ ಮೇಲೆ ಮೂರು ವರ್ಷ. ಹಾಗಾಗಿ ಏನು ಮಾಡಬೇಕು ಅನ್ನುವಷ್ಟೇ ಯಾವುದನ್ನು ಮೊದಲು ಮಾಡಬೇಕು ಅನ್ನುವುದೂ ಇಲ್ಲಿ ಮುಖ್ಯ. ಮೊದಲು ನಿದ್ದೆ, ಆಮೇಲೆ ಎಷ್ಟು ಸಲ ಏಳಬೇಕು, ಆಮೇಲೆ ಎದ್ದಾಗ ಎಷ್ಟು ಹೊತ್ತು. ರೇಡಿಯೋ ಯಾವುದು ಅನ್ನುವ ಪ್ರಶ್ನೆ ಇವೆಲ್ಲ ಆದ ಮೇಲೆ.

ನನ್ನ ಲೆಕ್ಕವನ್ನು ಹಾಗೇ ನಂಬಬೇಡಿ, ನಿಮ್ಮ ಬೋರ್ಡ್ ಅಳೆಯಿರಿ. ಮಲ್ಟಿಮೀಟರ್ ಅನ್ನು ಬ್ಯಾಟರಿಯ ಪ್ಲಸ್ ವೈರ್‌ನ ನಡುವೆ ಸೇರಿಸಿ. ಮಿಲಿಆಂಪ್ ರೇಂಜ್‌ನಿಂದ ಶುರು ಮಾಡಿ. ಒಂದು ತೊಂದರೆ ಎದುರಾಗುತ್ತದೆ. ಮೈಕ್ರೋಆಂಪ್ ರೇಂಜ್‌ನಲ್ಲಿ ಮೀಟರ್ ಒಳಗಿನ ರೆಸಿಸ್ಟರ್ ದೊಡ್ಡದು. ನೋಡ್ ಎದ್ದು ಒಮ್ಮೆಲೇ ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿದು ಬೋರ್ಡ್ ರೀಸೆಟ್ ಆಗುತ್ತದೆ, ಮತ್ತೆ ಏಳುತ್ತದೆ, ಮತ್ತೆ ರೀಸೆಟ್. ಇದಕ್ಕೆ ಸುಲಭದ ಉಪಾಯ: ಮೀಟರ್‌ನ ಎರಡು ತುದಿಗೆ ಸಮಾನಾಂತರವಾಗಿ ಒಂದು ಸಣ್ಣ ಸ್ವಿಚ್ ಹಾಕಿ. ನೋಡ್ ಎದ್ದಿರುವಾಗ ಸ್ವಿಚ್ ಆನ್ ಇರಲಿ, ಕರೆಂಟ್ ಅದರ ಮೂಲಕ ಹೋಗುತ್ತದೆ. ನೋಡ್ ಮಲಗಿದ ಮೇಲೆ ಆಫ್ ಮಾಡಿ, ಆಗ ಮೀಟರ್ ತೋರಿಸುವುದೇ ನಿದ್ದೆಯ ಕರೆಂಟ್. ಈ ಒಂದು ಅಂಕಿ ಕೈಯಲ್ಲಿಲ್ಲದೆ ಪ್ಯಾನೆಲ್‌ಗೆ ದುಡ್ಡು ಹಾಕಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಸರಿಪಡಿಸುವುದು ಹೇಗೆ? ಡೆವಲಪ್‌ಮೆಂಟ್ ಬೋರ್ಡ್ ಮೇಜಿನ ಮೇಲೆ ಕಲಿಯಲು ಒಳ್ಳೆಯದು, ತೋಟಕ್ಕೆ ಅಲ್ಲ. ಬರೀ ಇಎಸ್‌ಪಿ32 ಮಾಡ್ಯೂಲ್ ತೆಗೆದುಕೊಂಡು ಎಚ್‌ಟಿ7833 ಥರದ ರೆಗ್ಯುಲೇಟರ್ ಹಾಕಿ. ಅದು ತಾನು ತಿನ್ನುವುದು ಸುಮಾರು 4 ಮೈಕ್ರೋಆಂಪ್, ಕೊಡುವುದು 500 ಮಿಲಿಆಂಪ್‌ವರೆಗೆ. ಅದೇ ಕಂಪನಿಯ ಎಚ್‌ಟಿ7333 ಕೂಡ ಸಿಗುತ್ತದೆ, ಆದರೆ ಅದರ ಮಿತಿ 250 ಮಿಲಿಆಂಪ್, ವೈಫೈ ಎಳೆತಕ್ಕೆ ಸಾಲುವುದಿಲ್ಲ. ಮಾಡ್ಯೂಲ್ ಪಕ್ಕದಲ್ಲೇ 470 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಇರಲಿ.

ಎಎಂಎಸ್1117ರ ಇನ್ನೊಂದು ದೋಷವನ್ನೂ ಹೇಳಿಬಿಡುತ್ತೇನೆ. ಲೋಡ್ ಜಾಸ್ತಿಯಾದಾಗ ಅದಕ್ಕೆ ಒಳಬರುವ ವೋಲ್ಟೇಜ್ ಹೊರಹೋಗುವುದಕ್ಕಿಂತ ಒಂದು ವೋಲ್ಟ್‌ಗೂ ಹೆಚ್ಚಿರಬೇಕು. 3.7 ವೋಲ್ಟ್‌ನ ಸೆಲ್‌ನಿಂದ ಅದು 3.3 ಕೊಡುವುದೇ ಕಷ್ಟ. ವೈಫೈ ಶುರುವಾದ ಕ್ಷಣದಲ್ಲಿ ಕುಸಿಯುತ್ತದೆ. ಮುಂದಿನ ಸಲ ‘ಖಾಲಿ’ಯಾದ ಸೆಲ್ ತೆಗೆದಾಗ ವೋಲ್ಟೇಜ್ ನೋಡಿ. 3.6ಕ್ಕಿಂತ ಮೇಲಿದ್ದರೆ ಅದರಲ್ಲಿ ಇನ್ನೂ ಚಾರ್ಜ್ ಇದೆ, ರೆಗ್ಯುಲೇಟರ್ ಅದನ್ನು ಬಳಸಲು ಬಿಡುತ್ತಿಲ್ಲ ಅಂತ ಅರ್ಥ.

ಸೆನ್ಸರ್‌ಗೆ ಬೇರೆ ಟ್ರಾನ್ಸಿಸ್ಟರ್ ಏನೂ ಬೇಡ. ಅದು ಎಳೆಯುವುದು ಐದು ಮಿಲಿಆಂಪ್. ಇಎಸ್‌ಪಿ32ರ ಒಂದು ಔಟ್‌ಪುಟ್ ಪಿನ್‌ನಿಂದಲೇ ಅದಕ್ಕೆ ಪವರ್ ಕೊಡಿ. ಅಳೆಯುವ ಮುಂಚೆ ಪಿನ್ ಆನ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು, ಅಳೆದು, ಆಫ್ ಮಾಡಿ. ಎಷ್ಟು ಹೊತ್ತು ಬಿಡಬೇಕು ಅನ್ನುವುದನ್ನು ಮೇಜಿನ ಮೇಲೆ ಒಮ್ಮೆ ನೋಡಿಕೊಳ್ಳಿ. ಓದಿದ ಅಂಕಿ ಏರಿಳಿತ ನಿಲ್ಲಿಸಿದರೆ ಸಾಕು, ಅದಕ್ಕಿಂತ ಒಂದು ಕ್ಷಣವೂ ಜಾಸ್ತಿ ಬೇಡ. ಹೀಗೆ ಮಾಡಿದ ಮೇಲೆ ಒಣ ಮಣ್ಣು, ಒದ್ದೆ ಮಣ್ಣಿನ ಅಂಕಿಗಳನ್ನು ಹೊಸದಾಗಿ ಹೊಂದಿಸಿಕೊಳ್ಳಬೇಕು. ಆ ಸೆನ್ಸರ್‌ನ ಅಂಚಿನಿಂದ ಒಳಗೆ ನೀರು ಹೀರುತ್ತದೆ. ಅಂಚಿಗೆ ಎಪಾಕ್ಸಿ ಬಳಿಯದಿದ್ದರೆ ಒಂದು ಮಳೆಗಾಲ ಕಳೆಯುವುದರೊಳಗೆ ಅಂಕಿಗಳು ಸುಳ್ಳು ಹೇಳಲು ಶುರು ಮಾಡುತ್ತವೆ.

ಎಲ್ಲ ಸರಿಪಡಿಸಿದ ಮೇಲೂ ತುಂಬಾ ಜನರ ಕಣ್ಣಿಗೆ ಬೀಳದ ಸೋರಿಕೆ ಒಂದಿದೆ. ಬ್ಯಾಟರಿ ವೋಲ್ಟೇಜ್ ತಿಳಿಯಲು ಎರಡು ರೆಸಿಸ್ಟರ್ ಹಾಕಿರುತ್ತೀರಿ. ಎರಡೂ 100 ಕಿಲೋಓಮ್ ಆಗಿದ್ದರೆ 4.2 ವೋಲ್ಟ್‌ನಲ್ಲಿ 21 ಮೈಕ್ರೋಆಂಪ್ ಸದಾ ಹರಿಯುತ್ತಿರುತ್ತದೆ. ಇಡೀ ನೋಡ್ ಮಲಗಿದಾಗ ತಿನ್ನುವಷ್ಟು ಇದೊಂದೇ ತಿನ್ನುತ್ತದೆ. ಎರಡನ್ನೂ 1 ಮೆಗಾಓಮ್ ಮಾಡಿ, ನಡುವಿನ ಬಿಂದುವಿಗೆ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಕೊಡಿ. 2 ಮೈಕ್ರೋಆಂಪ್‌ಗೆ ಇಳಿಯುತ್ತದೆ.

ಇನ್ನು ದೂರದ ಎರಡು ನೋಡ್‌ಗಳ ಕಥೆ. ಸಿಗ್ನಲ್ ಕಡಿಮೆ ಇರುವ ಕಡೆ ಅವು ವೈಫೈಗಾಗಿ ಹುಡುಕುತ್ತಲೇ ಇರುತ್ತವೆ. ಎಂಟರ ಬದಲು 30 ಸೆಕೆಂಡ್ ಎಚ್ಚರವಾಗಿದ್ದರೆ ಸರಾಸರಿ 14 ಮಿಲಿಆಂಪ್ ದಾಟುತ್ತದೆ, ಸರಿಯಾಗಿ ಏಳು ದಿನಕ್ಕೆ ಸೆಲ್ ಮುಗಿಯುತ್ತದೆ. ನಿಮ್ಮ ಪ್ರೋಗ್ರಾಂನಲ್ಲಿ ‘ಕನೆಕ್ಟ್ ಆಗುವವರೆಗೂ ಕಾಯಿ’ ಅನ್ನುವ ಲೂಪ್ ಇದ್ದೇ ಇರುತ್ತದೆ, ನೋಡಿ. ಅದಕ್ಕೊಂದು ಗಡುವು ಹಾಕಿ. ನಾಲ್ಕು ಸೆಕೆಂಡ್‌ನಲ್ಲಿ ಸಿಗದಿದ್ದರೆ ಅಂಕಿಯನ್ನು ಆರ್‌ಟಿಸಿ ಮೆಮೊರಿಯಲ್ಲಿ ಇಟ್ಟು ಮಲಗಲಿ. ಆ ಮೆಮೊರಿ 8 ಕಿಲೋಬೈಟ್ ಇದೆ, ಡೀಪ್ ಸ್ಲೀಪ್‌ನಲ್ಲೂ ಅಳಿಸಿಹೋಗುವುದಿಲ್ಲ. ಮುಂದಿನ ಸಲ ಸಿಕ್ಕಾಗ ಎರಡನ್ನೂ ಒಟ್ಟಿಗೆ ಕಳಿಸಲಿ.

ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ. ಕರೆಂಟ್ ಹೋದಾಗ ರೂಟರ್ ಆಫ್ ಆಗುತ್ತದೆ. ಆಗ ಹತ್ತಿರದ ನೋಡ್‌ಗಳೂ ಇಲ್ಲದ ರೂಟರ್ ಅನ್ನು ಹುಡುಕುತ್ತಾ ಬ್ಯಾಟರಿ ಕಳೆದುಕೊಳ್ಳುತ್ತವೆ. ರೂಟರ್‌ಗೆ ಒಂದು ಸಣ್ಣ 12 ವೋಲ್ಟ್ ಯುಪಿಎಸ್ ಹಾಕಿ. ಜೊತೆಗೆ, ಒಮ್ಮೆ ಸೋತರೆ ಮುಂದಿನ ಪ್ರಯತ್ನದ ಅಂತರ ದುಪ್ಪಟ್ಟಾಗುವ ಹಾಗೆ ಬರೆಯಿರಿ.

ಎಂಟು ಸೆಕೆಂಡ್ ಎರಡಾಗುವುದೂ ಕಷ್ಟವಲ್ಲ. ಪ್ರತಿ ಸಲ ಎಲ್ಲ ಚಾನೆಲ್ ಹುಡುಕುವ ಬದಲು ರೂಟರ್‌ನ ಚಾನೆಲ್ ನಂಬರ್ ಮತ್ತು ಮ್ಯಾಕ್ ವಿಳಾಸವನ್ನು ನೆನಪಿನಲ್ಲಿಡಿ. ಐಪಿ ವಿಳಾಸವನ್ನು ಸ್ಥಿರವಾಗಿ ಕೊಡಿ. ಆದರೆ ಇದಕ್ಕಿಂತ ದೊಡ್ಡ ಉಳಿತಾಯ ಬೇರೆ ಕಡೆ ಇದೆ: ಅಳೆದ ಮೇಲೆಯೇ ವೈಫೈ ಆನ್ ಮಾಡಬೇಕೋ ಬೇಡವೋ ಅಂತ ನಿರ್ಧರಿಸುವುದು. ಮಣ್ಣಿನ ತೇವ ಗಳಿಗೆ ಗಳಿಗೆಗೂ ಬದಲಾಗುವುದಿಲ್ಲ. ನೀರು ಬಿಟ್ಟಾಗ ಏರುತ್ತದೆ, ಆಮೇಲೆ ದಿನಗಟ್ಟಲೆ ನಿಧಾನವಾಗಿ ಇಳಿಯುತ್ತದೆ. ನೋಡ್ ಗಂಟೆಗೊಮ್ಮೆ ಎದ್ದು, ವೈಫೈ ಆನ್ ಮಾಡದೆ ಅಳೆಯಲಿ. ಹಿಂದೆ ಕಳಿಸಿದ ಅಂಕಿಗೂ ಇದಕ್ಕೂ ಅಂಥ ವ್ಯತ್ಯಾಸ ಇಲ್ಲದಿದ್ದರೆ ಕಳಿಸದೆ ಮಲಗಲಿ. ಒಮ್ಮೆಲೇ ಏರಿದ್ದರೆ ಡ್ರಿಪ್ ಓಡುತ್ತಿದೆ ಅಂತ ಅರ್ಥ. ಆಗ ಮುಂದಿನ ಎರಡು ಗಂಟೆ ಹತ್ತು ನಿಮಿಷಕ್ಕೊಮ್ಮೆ ಏಳಲಿ. ಬದುಕಿದೆ ಅಂತ ತಿಳಿಯಲು ಆರು ಗಂಟೆಗೆ ಒಂದು ಸಲವಾದರೂ ಕಳಿಸಲಿ. ಬೋರ್‌ವೆಲ್ ನೀರನ್ನು ಲೆಕ್ಕ ಹಾಕಿ ಬಿಡುವ ನಮ್ಮ ಜಿಲ್ಲೆಯಲ್ಲಿ ರೈತನಿಗೆ ಬೇಕಾದ ಮಾಹಿತಿಯೂ ಇಷ್ಟೇ: ನೀರು ಬೇರಿನ ಆಳಕ್ಕೆ ಇಳಿಯಿತೇ, ಮತ್ತೆ ಯಾವಾಗ ಬಿಡಬೇಕು.

ಹುಳು ಮನೆಯ ಎರಡು ನೋಡ್‌ಗಳಿಗೆ ಈ ನಿಯಮ ಹಾಕಬೇಡಿ. ಅಲ್ಲಿನ ಅಗತ್ಯವೇ ಬೇರೆ. ಚಾಕಿ (ಮರಿ) ಹುಳುವಿಗೆ 27–28 ಡಿಗ್ರಿ, ಶೇಕಡ 85ರ ಆಸುಪಾಸು ತೇವಾಂಶ ಬೇಕು. ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ದೊಡ್ಡ ಹುಳುವಿಗೆ 24–25 ಡಿಗ್ರಿ, 70ರ ಆಸುಪಾಸು ಸಾಕು. ಮಧ್ಯಾಹ್ನ ಅರ್ಧ ಗಂಟೆ ಬಿಸಿ ಏರಿದ್ದು ತಡವಾಗಿ ಗೊತ್ತಾದರೆ ಏನು ಪ್ರಯೋಜನ? ಅಲ್ಲಿ ಹೇಗೂ ಕರೆಂಟ್ ಇದೆ. ಅಡಾಪ್ಟರ್‌ನಿಂದ ಓಡಿಸಿ, ಸೆಲ್ ಬರೀ ಬ್ಯಾಕಪ್‌ಗೆ ಇರಲಿ. ನಿಮಿಷಕ್ಕೊಮ್ಮೆ ಅಳೆದು, ಮಿತಿ ದಾಟಿದ ತಕ್ಷಣ ಕಳಿಸಲಿ. ಉಷ್ಣತೆ, ತೇವಾಂಶ ಅಳೆಯಲು ಡಿಎಚ್‌ಟಿ22 ಸೆನ್ಸರ್ ಬದಲು ಎಸ್‌ಎಚ್‌ಟಿ31 ಹಾಕಿ. ಮೊದಲನೆಯದಕ್ಕೆ ಎರಡು ಅಳತೆಗಳ ನಡುವೆ ಎರಡು ಸೆಕೆಂಡ್ ಬಿಡಬೇಕು, ಎರಡನೆಯದು ಸುಮಾರು 15 ಮಿಲಿಸೆಕೆಂಡ್‌ನಲ್ಲಿ ಅಳೆದು ಮುಗಿಸುತ್ತದೆ. ಒಂದು ಬೆಳೆ ಮುಗಿದು ಬ್ಲೀಚಿಂಗ್ ಪೌಡರ್, ಫಾರ್ಮಲಿನ್ ಹೊಡೆಯುವಾಗ ಈ ಸೆನ್ಸರ್‌ಗಳನ್ನು ಬಿಚ್ಚಿ ಹೊರಗಿಡುವುದನ್ನು ಮಾತ್ರ ಮರೆಯಬೇಡಿ. ಆ ಹೊಗೆ ತೇವಾಂಶದ ಸೆನ್ಸರ್ ಅನ್ನು ಕೆಡಿಸುತ್ತದೆ.

ಈಗ ಲೀಚ್ ವಿಷಯಕ್ಕೆ ಬರೋಣ. 2000ದಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಹೈನ್‌ಜೆಲ್‌ಮನ್, ಚಂದ್ರಕಾಸನ್, ಬಾಲಕೃಷ್ಣನ್ ಇದನ್ನು ಮುಂದಿಟ್ಟರು. ಅಕ್ಕಪಕ್ಕದ ನೋಡ್‌ಗಳು ಗುಂಪಾಗಿ, ಒಬ್ಬ ಮುಖಂಡನಿಗೆ ಅಂಕಿ ಕೊಡುತ್ತವೆ. ಮುಖಂಡ ಎಲ್ಲವನ್ನೂ ಒಟ್ಟುಗೂಡಿಸಿ ದೂರದ ಕೇಂದ್ರಕ್ಕೆ ಕಳಿಸುತ್ತಾನೆ. ಆ ಭಾರ ಒಂದೇ ನೋಡ್ ಮೇಲೆ ಬೀಳದಿರಲಿ ಅಂತ ಮುಖಂಡನನ್ನು ಆಗಾಗ ಬದಲಾಯಿಸುತ್ತಾರೆ. ವಿಚಾರ ತುಂಬಾ ಚೆನ್ನಾಗಿದೆ. ಆದರೆ ಅದು ನೂರರಷ್ಟು ನೋಡ್‌ಗಳು, ದೂರದ ಕೇಂದ್ರ ಇರುವ ಜಾಲವನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ನಿಮ್ಮದು ಆರು ನೋಡ್, ಎರಡು ಎಕರೆ. ಇಲ್ಲಿ ಮುಖಂಡನಾದವನು ಉಳಿದ ಐವರ ಮಾತು ಕೇಳಲು ಎಚ್ಚರವಾಗಿರಬೇಕು. ತೊಂದರೆ ಅಲ್ಲೇ ಇರುವುದು.

ರೇಡಿಯೋಗೆ ಕೇಳುವುದೂ ಕಳಿಸುವಷ್ಟೇ ದುಬಾರಿ. ಸೆನ್ಸರ್ ಜಾಲಗಳಲ್ಲಿ ವರ್ಷಗಟ್ಟಲೆ ಬಳಕೆಯಾದ ಸಿಸಿ2420 ಅನ್ನುವ ಚಿಪ್ ತೆಗೆದುಕೊಳ್ಳಿ. ಪೂರ್ತಿ ಶಕ್ತಿಯಲ್ಲಿ ಕಳಿಸುವಾಗ 17.4 ಮಿಲಿಆಂಪ್, ಕೇಳಿಸಿಕೊಳ್ಳುವಾಗ 18.8. ಯಾರೂ ಮಾತಾಡದಿದ್ದರೂ ಕಿವಿ ತೆರೆದು ಕೂತರೆ ಅಷ್ಟೂ ಖರ್ಚು. 2002ರ ಎಸ್-ಮ್ಯಾಕ್, 2004ರ ಬಿ-ಮ್ಯಾಕ್ ಥರದ ಪ್ರೋಟೋಕಾಲ್‌ಗಳು ಮುಖ್ಯವಾಗಿ ಈ ಸುಮ್ಮನೆ ಕೇಳುವ ಖರ್ಚನ್ನು ತಗ್ಗಿಸಲೆಂದೇ ಬಂದವು. ನೋಡ್‌ನಿಂದ ನೋಡ್‌ಗೆ ದಾಟಿಸುತ್ತಾ ಕಳಿಸುವ ಮೆಶ್ ಜಾಲದ ಕಷ್ಟವೂ ಇದೇ. ಗೇಟ್‌ವೇ (ಎಲ್ಲ ಅಂಕಿಗಳನ್ನು ಪಡೆಯುವ ಕೇಂದ್ರ) ಹತ್ತಿರದ ನೋಡ್ ಎಲ್ಲರ ಪ್ಯಾಕೆಟ್ ಹೊತ್ತು ಹೊತ್ತು ಮೊದಲು ಮಲಗುತ್ತದೆ, ಅದರ ಹಿಂದಿನವರೆಲ್ಲ ಬದುಕಿದ್ದೂ ಮಾತು ನಿಲ್ಲಿಸುತ್ತಾರೆ. ಕೇಳುವ ಕೆಲಸವನ್ನೆಲ್ಲ ಕರೆಂಟ್ ಇರುವ ಹುಳು ಮನೆಗೆ ವಹಿಸಿ. ತೋಟದ ನೋಡ್‌ಗಳು ಹೇಳಿ ಮಲಗಿಬಿಡಲಿ.

ಲೋರಾವಾನ್ (ಲೋರಾ ಜಾಲದ ಪ್ರೋಟೋಕಾಲ್) ಒಳಗಿನ ಕ್ಲಾಸ್ ಎ ಅನ್ನುವ ವಿಧಾನ ಹೀಗೇ ನಡೆಯುತ್ತದೆ. ನೋಡ್ ಕಳಿಸಿ ಒಂದು ಸೆಕೆಂಡ್ ಆದಾಗ ಒಮ್ಮೆ, ಎರಡು ಸೆಕೆಂಡ್ ಆದಾಗ ಇನ್ನೊಮ್ಮೆ ಚೂರು ಕಿವಿ ತೆರೆದು, ಮತ್ತೆ ಮಲಗುತ್ತದೆ. ಹಾಗಾಗಿ ದೂರದ ಎರಡು ನೋಡ್‌ಗಳಿಗೆ ಲೋರಾ ಸರಿ. ಹತ್ತಿರದ ನಾಲ್ಕಕ್ಕೆ ಮೇಲಿನ ರಿಪೇರಿ ಆದ ಮೇಲೆ ವೈಫೈಯೇ ಸಾಕು, ಸುಮ್ನೆ ದುಡ್ಡು ಹಾಕಬೇಡಿ. ಮಾಡ್ಯೂಲ್ ಕೊಳ್ಳುವಾಗ 865–867 ಮೆಗಾಹರ್ಟ್ಸ್‌ಗೆ ಹೊಂದುವುದನ್ನೇ, ಅದರ ಆಂಟೆನಾ ಜೊತೆಗೆ ಕೊಳ್ಳಿ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಲೋರಾಗೆ ಬಳಸುವ ಫ್ರೀಕ್ವೆನ್ಸಿ ಪಟ್ಟಿ ಅದು.

ಲೋರಾದಲ್ಲಿ ಗಮನಿಸಬೇಕಾದ್ದು ಸ್ಪ್ರೆಡಿಂಗ್ ಫ್ಯಾಕ್ಟರ್ (ಎಸ್‌ಎಫ್). ಇದು ಹೆಚ್ಚಿದಷ್ಟೂ ಸಿಗ್ನಲ್ ದೂರ ಮುಟ್ಟುತ್ತದೆ, ಆದರೆ ಕಳಿಸಲು ಹೆಚ್ಚು ಹೊತ್ತು ಬೇಕು. 20 ಬೈಟ್‌ನ ಒಂದು ಪ್ಯಾಕೆಟ್ ಎಸ್‌ಎಫ್7ರಲ್ಲಿ ಸುಮಾರು 57 ಮಿಲಿಸೆಕೆಂಡ್‌ನಲ್ಲಿ ಹೋಗಿ ಮುಗಿಯುತ್ತದೆ. ಅದೇ ಪ್ಯಾಕೆಟ್ ಎಸ್‌ಎಫ್12ರಲ್ಲಿ 1.3 ಸೆಕೆಂಡ್ ತೆಗೆದುಕೊಳ್ಳುತ್ತದೆ. 23 ಪಟ್ಟು! ದೂರ ಮುಟ್ಟಲಿ ಅಂತ ಎಲ್ಲರೂ 12ಕ್ಕೆ ಇಟ್ಟುಬಿಡುತ್ತಾರೆ. ಅದರ ಬದಲು ಹುಳು ಮನೆಯ ಮೇಲಿನ ಆಂಟೆನಾವನ್ನು ಒಂದು ಪೈಪ್‌ಗೆ ಕಟ್ಟಿ ಎತ್ತರಿಸಿ. ಎತ್ತರಿಸಿದ್ದರ ಲಾಭ ಎಲ್ಲ ನೋಡ್‌ಗೂ ಸಿಗುತ್ತದೆ, ಬ್ಯಾಟರಿಯಿಂದ ಏನೂ ಹೋಗುವುದಿಲ್ಲ. ಸಿಗ್ನಲ್ ಪರೀಕ್ಷೆಯನ್ನು ಸೊಪ್ಪು ಕೊಯ್ದ ಮೇಲೆ ಮಾಡಬೇಡಿ. ಗಿಡ ಆಳೆತ್ತರ ಬೆಳೆದು, ಮಳೆ ಬಿದ್ದು ಎಲೆ ಒದ್ದೆಯಾಗಿರುವಾಗ ಮಾಡಿ. ಆಗ ಯಾವ ಎಸ್‌ಎಫ್‌ನಲ್ಲಿ ಮುಟ್ಟುತ್ತದೋ ಅದೇ ನಿಮ್ಮ ನಿಜವಾದ ಅಂಕಿ.

ಪ್ಯಾಕೆಟ್ ಒಳಗೂ ಉಳಿಸಬಹುದು. ಅಂಕಿಗಳನ್ನು ಹೆಸರು, ಆವರಣ ಎಲ್ಲ ಸೇರಿಸಿ 45 ಅಕ್ಷರದ ಜೇಸನ್ ಆಗಿ ಕಳಿಸಿದರೆ ಎಸ್‌ಎಫ್10ರಲ್ಲಿ ಸುಮಾರು 660 ಮಿಲಿಸೆಕೆಂಡ್. ಬರೀ ಅಂಕಿಗಳನ್ನು 6 ಬೈಟ್‌ಗೆ ಅಡಕ ಮಾಡಿದರೆ 330. ಅರ್ಧಕ್ಕರ್ಧ ಉಳಿತಾಯ, ಅದೂ ಹತ್ತು ಸಾಲಿನ ಪ್ರೋಗ್ರಾಂನಿಂದ. ‘ತಲುಪಿತು’ ಅನ್ನುವ ಉತ್ತರ ಪ್ರತಿ ಸಲ ಕೇಳಬೇಡಿ. ಉತ್ತರ ಬರದಿದ್ದರೆ ನೋಡ್ ಮತ್ತೆ ಮತ್ತೆ ಕಳಿಸುತ್ತದೆ. ಮಣ್ಣಿನ ತೇವದ ಒಂದು ಅಂಕಿ ತಪ್ಪಿದರೆ ಏನೂ ಮುಳುಗುವುದಿಲ್ಲ. ಹಾಗೆಯೇ, ಪ್ರತಿ ಸಲ ಎದ್ದಾಗ ಜಾಲಕ್ಕೆ ಹೊಸದಾಗಿ ಸೇರುವುದು ಬೇಡ. ಮೊದಲ ಸಲ ಸಿಕ್ಕ ಕೀಗಳನ್ನು ಉಳಿಸಿಕೊಂಡು ಅವನ್ನೇ ಬಳಸಲಿ.

ಸೋಲಾರ್ ಪ್ಯಾನೆಲ್? ಈಗಿನ ಸ್ಥಿತಿಯಲ್ಲಿ ಒಂದೊಂದು ನೋಡ್‌ಗೆ ದಿನಕ್ಕೆ 270 ಮಿಲಿಆಂಪ್-ಅವರ್ ಬೇಕು. ಮೋಡದ ದಿನಗಳಲ್ಲಿ, ಗಿಡದ ನೆರಳಿನಲ್ಲಿ, ಧೂಳು ಕೂತ ಸಣ್ಣ ಪ್ಯಾನೆಲ್ ಅದನ್ನು ಕೊಡುವುದಿಲ್ಲ. ರಿಪೇರಿ ಆದ ಮೇಲೆ ಗಂಟೆಗೊಮ್ಮೆ ಕಳಿಸಿದರೂ ದಿನಕ್ಕೆ ಎಂಟು ಮಿಲಿಆಂಪ್-ಅವರ್ ಸಾಕು, ಆಗ ಪ್ಯಾನೆಲ್ಲೇ ಬೇಡ. ಸೆಲ್ ಅನ್ನು ವರ್ಷಕ್ಕೊಮ್ಮೆ ಚಾರ್ಜ್ ಮಾಡಿ ಹಾಕಿದರೆ ಮುಗಿಯಿತು. ನಾನು ಮೇಲೆ ಹೇಳಿದ ‘ಮೂರು ವರ್ಷ’ ಕಾಗದದ್ದು. ಲಿಥಿಯಂ ಅಯಾನ್ ಸೆಲ್ ಸುಮ್ಮನಿದ್ದರೂ ತಿಂಗಳಿಗೆ ಶೇಕಡ 2–3ರಷ್ಟು ಇಳಿಯುತ್ತದೆ. ಏಪ್ರಿಲ್ ಬಿಸಿಲಿನ ಡಬ್ಬಿಯೊಳಗೆ ಇನ್ನೂ ಬೇಗ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್‌ಪಿ ರೋಡ್‌ನಲ್ಲಿ ‘9900’ ಅಂತ ಬರೆದ 18650 ಸೆಲ್ ಕೊಟ್ಟರೆ ತೆಗೆದುಕೊಳ್ಳಬೇಡಿ. ಆ ಅಳತೆಯ ಸೆಲ್‌ನಲ್ಲಿ 3500 ಮಿಲಿಆಂಪ್-ಅವರ್ ಆಸುಪಾಸೇ ದೊಡ್ಡ ಸಾಮರ್ಥ್ಯ.

ಎಂಟನ್ನೂ ಒಟ್ಟಿಗೆ ಬಿಚ್ಚಬೇಡಿ. ಹತ್ತಿರದ ಒಂದು ನೋಡ್ ತೆಗೆದುಕೊಂಡು ರೆಗ್ಯುಲೇಟರ್, ಸೆನ್ಸರ್ ಪಿನ್, ರೆಸಿಸ್ಟರ್ ಈ ಮೂರನ್ನು ಬದಲಾಯಿಸಿ, ಪ್ರತಿಯೊಂದರ ಮುಂಚೆ ಮತ್ತು ಆಮೇಲೆ ನಿದ್ದೆಯ ಕರೆಂಟ್ ಬರೆದಿಡಿ. ಮೂರೂ ಆದ ಮೇಲೂ 50 ಮೈಕ್ರೋಆಂಪ್‌ಗಿಂತ ಜಾಸ್ತಿ ತೋರಿಸಿದರೆ ಆ ಅಂಕಿಗಳನ್ನೂ, ಬೋರ್ಡ್‌ನ ಎರಡೂ ಬದಿಯ ಫೋಟೋವನ್ನೂ ಕಳಿಸಿ. ಎಲ್ಲಿ ಸೋರುತ್ತಿದೆ ಅಂತ ಒಟ್ಟಿಗೆ ಹುಡುಕೋಣ.